ಬಾವುಟ ಎಲ್ಲರದೂ ಆದ ಮೇಲೆ: ಸಾರ್ಡೀನಿಯಾದ ಪ್ರಾದೇಶಿಕ ಪಕ್ಷವೊಂದರ ನೂರು ವರ್ಷ

1921ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಮತಗಳಲ್ಲಿ ಶೇ 36. 1974ರಲ್ಲಿ ಪ್ರಾದೇಶಿಕ ಕೌನ್ಸಿಲಿನಲ್ಲಿ ಒಂದೇ ಒಂದು ಸೀಟು. ಅದಾಗಿ ಹತ್ತೇ ವರ್ಷಕ್ಕೆ, 1984ರಲ್ಲಿ, ಹನ್ನೆರಡು ಸೀಟು ಮತ್ತು ಅಧ್ಯಕ್ಷ ಗಾದಿ. 2019ರಲ್ಲಿ ಮತ್ತೆ ಗಾದಿ, ಆದರೆ ಈ ಸಲ ಎದುರು ಪಾಳೆಯದ ಹೆಗಲೇರಿ. 2024ರಲ್ಲಿ ಶೇ 5.4.

ಇದು ಇಟಲಿಯ ‘ಪಾರ್ತೀತೊ ಸಾರ್ದೊ ದಾತ್ಸಿಯೋನೆ’, ಅಂದರೆ ಸಾರ್ಡೀನಿಯಾ ಕ್ರಿಯಾ ಪಕ್ಷದ ಜಾತಕ. ಪಕ್ಷದವರನ್ನು ಅಲ್ಲಿ ಸಾರ್ದಿಸ್ತರು ಅನ್ನುತ್ತಾರೆ. ಇಲ್ಲೂ ಹಾಗೆಯೇ ಕರೆಯೋಣ. ಯುರೋಪಿನಲ್ಲಿ ಇನ್ನೂ ಉಸಿರಾಡುತ್ತಿರುವ ಹಳೆಯ ಪ್ರಾದೇಶಿಕ ಪಕ್ಷಗಳಲ್ಲಿ ಇದೂ ಒಂದು. ಬೆಳೆದು ದೊಡ್ಡದಾಗಲಿಲ್ಲ, ಸತ್ತೂ ಹೋಗಲಿಲ್ಲ. ಯಾಕೆ? ಕಾರಣ ಎರಡು. ಮೊದಲನೆಯದು, ಪಕ್ಷ ಕೇಳಿದ್ದನ್ನೆಲ್ಲ ಬೇರೆಯವರು ತಮ್ಮದೇ ಮಾಡಿಕೊಂಡರು. ಎರಡನೆಯದು, ಮತವನ್ನು ಸೀಟಾಗಿ ಮಾಡಲು ಪ್ರತಿ ಸಲವೂ ಯಾರದೋ ಹೆಗಲು ಬೇಕಾಯಿತು, ಆ ಹೆಗಲಿನ ಬಾಡಿಗೆಯಾಗಿ ಪಕ್ಷದ ಒಂದು ಹೋಳನ್ನೇ ಕೊಡಬೇಕಾಯಿತು.

ಕಂದಕದಿಂದ ಸಮಾವೇಶಕ್ಕೆ

ಇಟಲಿಯ ಸೇನೆ ಒಂದೊಂದು ರೆಜಿಮೆಂಟಿನಲ್ಲೂ ನಾನಾ ಸೀಮೆಯ ಸೈನಿಕರನ್ನು ಬೇಕೆಂದೇ ಬೆರೆಸುತ್ತಿತ್ತು. ಆ ಪದ್ಧತಿಗೆ ಅಪವಾದ 1915ರಲ್ಲಿ ಕಟ್ಟಿದ ಸಾಸ್ಸಾರಿ ಬ್ರಿಗೇಡ್. 151ನೇ ರೆಜಿಮೆಂಟು ಸಿನ್ನಾಯಿಯಲ್ಲಿ, 152ನೆಯದು ತೆಂಪಿಯೊದಲ್ಲಿ ಕೂಡಿತು. ಹೆಚ್ಚು ಕಡಿಮೆ ಎಲ್ಲರೂ ಸಾರ್ಡೀನಿಯಾದವರೇ: ಗುಡ್ಡಗಾಡಿನ ಕುರಿಗಾಹಿ, ಬಯಲಿನ ಗೋಧಿ ರೈತ, ಗಣಿಯ ಕೂಲಿ. ಅದುವರೆಗೆ ಪಕ್ಕದ ಕಣಿವೆಯವನನ್ನೂ ಪರದೇಶಿಯಂತೆ ನೋಡುತ್ತಿದ್ದವರು ಒಂದೇ ಕಂದಕದಲ್ಲಿ ಕುಳಿತು ತಮ್ಮ ನುಡಿಯಲ್ಲಿ ಮಾತಾಡಿದರು. ‘ಫೋರ್ತ್ಸಾ ಪಾರಿಸ್’, ಒಟ್ಟಾಗಿ ನುಗ್ಗೋಣ, ಎಂಬುದು ಬ್ರಿಗೇಡಿನ ಕೂಗು; ಮುಂದೆ ಅದೇ ಸಾರ್ದಿಸ್ತರ ಘೋಷಣೆಯೂ ಆಯಿತು. ನೂರು ವರ್ಷದಲ್ಲಿ ಇಷ್ಟು ಸಲ ಒಡೆದ ಪಕ್ಷದ ಬಾಯಲ್ಲಿ ಈ ಘೋಷಣೆ ಕೊಂಚ ವಿಚಿತ್ರವಾಗಿಯೇ ಕೇಳುತ್ತದೆ.

ಯುದ್ಧ ಮುಗಿಸಿ ಬಂದವರು ಮೊದಲು ಕಟ್ಟಿದ್ದು ಪಕ್ಷವನ್ನಲ್ಲ, ಮಾಜಿ ಸೈನಿಕರ ಸಂಘವನ್ನು. 1919ರ ಚುನಾವಣೆಯಲ್ಲಿ ಆ ಸಂಘದ ಪಟ್ಟಿಯಿಂದ ಮೂವರು ಸಂಸತ್ತಿಗೆ ಹೋದರು. 1920ರಲ್ಲಿ ಮಾಕೊಮೆರ್ ಊರಿನ ಸಮಾವೇಶ ಸ್ವಾಯತ್ತತೆಯ ಕಾರ್ಯಕ್ರಮವನ್ನು ಒಪ್ಪಿತು. 1921ರ ಏಪ್ರಿಲ್ 17ರಂದು ಓರಿಸ್ತಾನೊದಲ್ಲಿ ಪಕ್ಷ ಸ್ಥಾಪನೆಯಾಯಿತು. ಪಕ್ಷದ ಮುಂದಾಳು ಎಮಿಲಿಯೊ ಲುಸ್ಸು, ಬ್ರಿಗೇಡಿನ ಹೆಸರಾಂತ ಅಧಿಕಾರಿ. ಕಮಿಲ್ಲೊ ಬೆಲ್ಲಿಯೇನಿ ಪಕ್ಷದ ಚಿಂತಕ. ಸ್ಥಾಪನೆಯ ಮರುತಿಂಗಳೇ ಚುನಾವಣೆ. ಶೇ 36 ಮತ, ನಾಲ್ಕು ಸಂಸದರು.

ಇಷ್ಟು ಬೇಗ ಇಷ್ಟು ಮತ ಬಿದ್ದದ್ದು ಬರೀ ಯುದ್ಧದ ಅಭಿಮಾನಕ್ಕಲ್ಲ. 1887ರಲ್ಲಿ ರೋಮ್ ಉತ್ತರದ ಕಾರ್ಖಾನೆಗಳನ್ನು ಕಾಯಲು ಆಮದು ಸುಂಕ ಏರಿಸಿತು. ಫ್ರಾನ್ಸ್ ತಿರುಗೇಟು ಕೊಟ್ಟಿತು. ಸಾರ್ಡೀನಿಯಾದ ವೈನ್, ಎಣ್ಣೆ, ದನಗಳು ಹೋಗುತ್ತಿದ್ದ ಮಾರುಕಟ್ಟೆಯೇ ಮುಚ್ಚಿತು. ಆ ಹೊತ್ತಿಗೆ ರೋಮ್ ಸುತ್ತಲಿನ ಲಾಜಿಯೊ ಕಡೆಯ ಚೀಸ್ ವ್ಯಾಪಾರಿಗಳು ದ್ವೀಪಕ್ಕೆ ಬಂದು ಡೈರಿ ಹಾಕಿದರು. ಕುರಿಗಾಹಿಗೆ ಮುಂಗಡ ಕೊಟ್ಟವರೂ ಅವರೇ, ಹಾಲಿನ ದರ ನಿಗದಿ ಮಾಡುವವರೂ ಅವರೇ. ಹಾಗಾಗಿ ಸಾರ್ದಿಸ್ತರ ಮೊದಲ ಬೇಡಿಕೆಗಳು ನೆಲದ ಮೇಲೆ ನಿಂತಿದ್ದವು: ಸುಂಕ ಇಳಿಸಿ, ಹಾಲು ಮತ್ತು ಧಾನ್ಯಕ್ಕೆ ಸಹಕಾರ ಸಂಘ ಕಟ್ಟಿ, ದ್ವೀಪದ ಆಡಳಿತ ದ್ವೀಪದಲ್ಲೇ ಆಗಲಿ. ಇಟಲಿಯಿಂದ ಬೇರೆಯಾಗುವ ಮಾತು ಆಗ ಕಾರ್ಯಕ್ರಮದಲ್ಲಿ ಇರಲಿಲ್ಲ.

ಮೊದಲ ಸೀಳು: 1923

ಪ್ರಕರಣದ ಮುಖ್ಯ ಪಾಠಗಳೆಲ್ಲ ಈ ಒಂದೇ ವರ್ಷದಲ್ಲಿ ಅಡಗಿವೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

1922ರ ಕೊನೆಗೆ ಮುಸೊಲಿನಿ ಅಧಿಕಾರಕ್ಕೆ ಬಂದಾಗ ಸಾರ್ಡೀನಿಯಾದಲ್ಲಿ ಫ್ಯಾಸಿಸ್ಟರು ಬೇರೂರಿರಲಿಲ್ಲ. ಗಣಿ ಮಾಲೀಕರ ಬಾಲ ಹಿಡಿದವರು ಎಂಬ ಕೆಟ್ಟ ಹೆಸರು ಬೇರೆ. ಹೊಡೆದು ಬಡಿದು ಸಾರ್ದಿಸ್ತರನ್ನು ಅಡಗಿಸುವುದಕ್ಕಿಂತ ಒಳಗೆ ಎಳೆದುಕೊಳ್ಳುವುದು ಅಗ್ಗ ಎಂದು ರೋಮ್ ಲೆಕ್ಕ ಹಾಕಿತು. ಜನರಲ್ ಅಸ್ಕ್ಲೇಪಿಯ ಗಾಂದೊಲ್ಫೊರನ್ನು ದ್ವೀಪದ ರಾಜಧಾನಿ ಕಲ್ಯಾರಿಗೆ ಪ್ರಿಫೆಕ್ಟ್, ಅಂದರೆ ಕೇಂದ್ರ ಸರ್ಕಾರದ ಪ್ರತಿನಿಧಿ, ಮಾಡಿ ಕಳಿಸಿತು. ಮಾಜಿ ಸೈನಿಕರ ಬಳಿಗೆ ಸೈನಿಕನನ್ನೇ ಕಳಿಸಿದ್ದು ಜಾಣತನ. ಪ್ರಸ್ತಾಪ ಸರಳವಾಗಿತ್ತು: ನಿಮ್ಮ ಕಾರ್ಯಕ್ರಮ ನಿಮ್ಮಲ್ಲೇ ಇರಲಿ, ನೀವು ನಮ್ಮ ಪಕ್ಷದೊಳಗೆ ಬನ್ನಿ, ದ್ವೀಪದ ಘಟಕವನ್ನು ನೀವೇ ನಡೆಸಿ.

ಲುಸ್ಸು ಕೂಡ ಶುರುವಿನಲ್ಲಿ ಮಾತುಕತೆಗೆ ಕೂತಿದ್ದರು, ಆಮೇಲೆ ಹಿಂದೆ ಸರಿದರು. ಬೆಲ್ಲಿಯೇನಿ ವಿರೋಧಿಸಿದರು. ಪಾವೊಲೊ ಪಿಲಿ ಮತ್ತು ದೊಡ್ಡದೊಂದು ಗುಂಪು ಆಚೆ ನಡೆಯಿತು. ಇವರನ್ನೇ ಚರಿತ್ರೆ ‘ಸಾರ್ದೊ-ಫ್ಯಾಸಿಸ್ಟರು’ ಎಂದು ಕರೆಯುತ್ತದೆ.

ಹೋದವರಿಗೆ ಏನೂ ಸಿಗಲಿಲ್ಲ ಎನ್ನುವಂತಿಲ್ಲ. 1924ರಲ್ಲಿ ದ್ವೀಪದ ಲೋಕೋಪಯೋಗಿ ಕೆಲಸಗಳಿಗೆಂದು ನೂರು ಕೋಟಿ ಲೀರಾ ಮೀಸಲಿಡುವ ಶಾಸನ ಬಂತು. ಪಿಲಿ ಹೈನು ಸಹಕಾರ ಸಂಘಗಳ ಒಕ್ಕೂಟ ಕಟ್ಟಿ, ಲಾಜಿಯೊ ವ್ಯಾಪಾರಿಗಳನ್ನು ಬದಿಗೆ ಸರಿಸಿ ಪೆಕೊರೀನೊ ಚೀಸನ್ನು ನೇರವಾಗಿ ಅಮೆರಿಕಕ್ಕೆ ಕಳಿಸಲು ಹೊರಟರು. ಅಂದರೆ 1921ರ ಸಾರ್ದಿಸ್ತ ಕಾರ್ಯಕ್ರಮವೇ ಫ್ಯಾಸಿಸ್ಟ್ ಅಂಗಿ ತೊಟ್ಟು ಜಾರಿಗೆ ಬರುತ್ತಿತ್ತು. ವ್ಯಾಪಾರಿಗಳ ಹಿತಕ್ಕೆ ಕೈ ಹಾಕಿದ್ದು ನಾಟುವ ಹೊತ್ತಿಗೆ, 1927ರಲ್ಲಿ, ಪಿಲಿಯನ್ನು ಪಕ್ಷದ ಹುದ್ದೆಯಿಂದ ಇಳಿಸಿದರು. ಎರವಲು ಹೆಗಲಿನ ಕತೆ ಇಷ್ಟೇ: ಏರಿಸುವುದೂ ಅವರ ಇಚ್ಛೆ, ಇಳಿಸುವುದೂ ಅವರ ಇಚ್ಛೆ.

ಉಳಿದವರ ಗತಿ? 1924ರ ಚುನಾವಣೆಯಲ್ಲಿ ಲುಸ್ಸು ಮತ್ತು ಪಿಯೆತ್ರೊ ಮಾಸ್ತಿನೊ ಇಬ್ಬರೇ ಗೆದ್ದರು. 1926ರ ಅಕ್ಟೋಬರ್ 31ರ ರಾತ್ರಿ ಕಲ್ಯಾರಿಯಲ್ಲಿ ಲುಸ್ಸು ಮನೆಗೆ ಫ್ಯಾಸಿಸ್ಟರ ಗುಂಪು ನುಗ್ಗಿತು. ಮೇಲೆ ಹತ್ತಿ ಬಂದವನೊಬ್ಬನನ್ನು ಲುಸ್ಸು ಗುಂಡಿಟ್ಟು ಕೊಂದರು. ಆತ್ಮರಕ್ಷಣೆ ಎಂದು ನ್ಯಾಯಾಲಯ ಬಿಟ್ಟಿತು, ಸರ್ಕಾರ ಬಿಡಲಿಲ್ಲ, ಲೀಪಾರಿ ದ್ವೀಪಕ್ಕೆ ಗಡೀಪಾರು ಮಾಡಿತು. 1929ರ ಜುಲೈಯಲ್ಲಿ ಫ್ಯಾಸಿಸ್ಟ್ ವಿರೋಧಿಗಳಾದ ಕಾರ್ಲೊ ರೊಸ್ಸೆಲ್ಲಿ ಮತ್ತು ಫ್ರಾಂಚೆಸ್ಕೊ ಫೌಸ್ತೊ ನಿತ್ತಿ ಜೊತೆ ದೋಣಿಯಲ್ಲಿ ತಪ್ಪಿಸಿಕೊಂಡು ಪ್ಯಾರಿಸ್ ಸೇರಿದರು. ಊರಿನಲ್ಲಿ ಪಕ್ಷ ಕಾನೂನಿನ ಕಣ್ಣಿಗೆ ಇರಲಿಲ್ಲ; ಜನರ ನೆನಪಿನಲ್ಲಿತ್ತು.

ಶಾಸನ ಸಿಕ್ಕಿತು, ನಾಯಕ ಹೋದ

ಯುದ್ಧದ ನಂತರ ಸಿಸಿಲಿಗೆ 1946ರಲ್ಲೇ ಗಟ್ಟಿ ಸ್ವಾಯತ್ತ ಶಾಸನ ಸಿಕ್ಕಿತು. ಅದನ್ನೇ ಸಾರ್ಡೀನಿಯಾಕ್ಕೂ ವಿಸ್ತರಿಸಿಬಿಡಿ ಎಂದು ಲುಸ್ಸು ಹೇಳಿದರು. ದ್ವೀಪದ ಸಲಹಾ ಸಭೆ ಒಪ್ಪಲಿಲ್ಲ, ನಮ್ಮದನ್ನು ನಾವೇ ಬರೆಯುತ್ತೇವೆ ಎಂದಿತು. ಬರೆಯುತ್ತ ಕಾಲ ಹೋಯಿತು. ಅಷ್ಟರಲ್ಲಿ ರೋಮಿನಲ್ಲಿ ಗಾಳಿ ಬದಲಾಯಿತು. ಸಂವಿಧಾನ ಸಭೆ ತನ್ನ ಕೊನೆಯ ದಿನಗಳಲ್ಲಿ ಅವಸರದಲ್ಲಿ ಪಾಸು ಮಾಡಿದ್ದು, 1948ರ ಫೆಬ್ರವರಿ 26ರ 3ನೇ ಸಾಂವಿಧಾನಿಕ ಕಾನೂನಾಗಿ ಬಂದದ್ದು, ಸಿಸಿಲಿಯದಕ್ಕಿಂತ ತೆಳುವಾದ ಶಾಸನ. ಸ್ವಂತ ಕೈಬರಹದ ಹಟಕ್ಕೆ ತೆತ್ತ ಬೆಲೆ ಇದು. ನನ್ನ ಲೆಕ್ಕದಲ್ಲಿ ದ್ವೀಪದ ರಾಜಕಾರಣಿಗಳು ಮಾಡಿದ ಅತ್ಯಂತ ದುಬಾರಿ ತಪ್ಪು.

ಅದೇ ವರ್ಷದ ಬೇಸಿಗೆಯಲ್ಲಿ ಪಕ್ಷ ಮತ್ತೆ ಸೀಳಿತು. ಸ್ವಾಯತ್ತತೆಗೆ ಸಮಾಜವಾದದ ಬೆನ್ನೆಲುಬು ಬೇಕು ಎಂದ ಲುಸ್ಸು ಹೊರನಡೆದು ‘ಸಮಾಜವಾದಿ’ ಎಂಬ ಬಾಲ ಸೇರಿಸಿದ ಬೇರೆ ಸಾರ್ದಿಸ್ತ ಪಕ್ಷ ಕಟ್ಟಿದರು. 1949ರ ಮೊದಲ ಪ್ರಾದೇಶಿಕ ಚುನಾವಣೆಯಲ್ಲಿ, 60 ಸೀಟಿನ ಕೌನ್ಸಿಲಿನಲ್ಲಿ, ಹಳೆ ಪಕ್ಷಕ್ಕೆ ಶೇ 10.4 ಮತ, 7 ಸೀಟು. ಲುಸ್ಸು ಗುಂಪಿಗೆ ಶೇ 6.6 ಮತ, 3 ಸೀಟು. ಕೂಡಿದ್ದರೆ ಶೇ 17. ಲುಸ್ಸು ಗುಂಪು ಅದೇ ವರ್ಷ ರಾಷ್ಟ್ರೀಯ ಸಮಾಜವಾದಿ ಪಕ್ಷದಲ್ಲಿ ಕರಗಿತು. ಉಳಿದವರು ಕ್ರಿಶ್ಚಿಯನ್ ಡೆಮಾಕ್ರಟರ ಸರ್ಕಾರಕ್ಕೆ ಊರುಗೋಲಾದರು.

ಮುಂದಿನ ಕಾಲು ಶತಮಾನ ನಿಧಾನದ ಸವಕಳಿ. 1962ರ 588ನೇ ಕಾನೂನು ‘ಪುನರುತ್ಥಾನ ಯೋಜನೆ’ಗೆ 400 ಶತಕೋಟಿ ಲೀರಾ ಕೊಟ್ಟಿತು, ಹಣದ ದೊಡ್ಡ ಪಾಲು ಪೋರ್ತೊ ತೊರ್ರೆಸ್ ಮುಂತಾದೆಡೆ ಪೆಟ್ರೊಕೆಮಿಕಲ್ ಕಾರ್ಖಾನೆಗಳತ್ತ ಹರಿಯಿತು. ವಿಶೇಷ ಯೋಜನೆ ಬೇಕೆಂದು ಶಾಸನದಲ್ಲೇ ಬರೆಸಿದವರು ಸ್ವಾಯತ್ತವಾದಿಗಳು, ಹಣ ಹಂಚಿ ಹೆಸರು ಪಡೆದವರು ಡೆಮಾಕ್ರಟರು. 1960ರ ದಶಕದ ಕೊನೆಗೆ ಇನ್ನೊಂದು ಗುಂಪು ಒಡೆದು ರಿಪಬ್ಲಿಕನ್ ಪಕ್ಷ ಸೇರಿತು. 1974ರ ಆ ಒಂಟಿ ಸೀಟು ಬಂದದ್ದು ಹೀಗೆ.

ಹೆಚ್ಚು ಕಡಿಮೆ ಎರಡು ಸೀಟಿನ ಮತಕ್ಕೆ ಒಂದೇ ಸೀಟು

ಹೆಗಲು ಯಾಕೆ ಬೇಕು ಎಂಬುದಕ್ಕೆ ಉತ್ತರ ಭಾಷಣಗಳಲ್ಲಿಲ್ಲ, ಲೆಕ್ಕದಲ್ಲಿದೆ.

ಹಳೆಯ ಪ್ರಮಾಣಾನುಗುಣ ಪದ್ಧತಿಯಲ್ಲಿ ಕೆಳಮನೆಗೆ ಸಾರ್ಡೀನಿಯಾ ಇಡೀ ಒಂದೇ ಕ್ಷೇತ್ರ. ಸೀಟುಗಳು ಸುಮಾರು 18. ಒಂದು ಸೀಟಿನ ‘ಕೋಟಾ’ ತೆಗೆಯಲು ಒಟ್ಟು ಮತವನ್ನು ಸೀಟುಗಳ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸುತ್ತಿದ್ದರು. ಅಂದರೆ ಇಪ್ಪತ್ತರಿಂದ ಭಾಗಿಸಿದಂತೆ; ಒಂದು ಸೀಟಿಗೆ ಸುಮಾರು ಶೇ 5 ಮತ. ಕೋಟಾ ತುಂಬಿದಷ್ಟು ಸೀಟು ಅಲ್ಲೇ ಸಿಗುತ್ತದೆ. ಮಿಕ್ಕ ಮತ ರಾಷ್ಟ್ರೀಯ ಹುಂಡಿಗೆ ಹೋಗುತ್ತದೆ, ಅಲ್ಲಿ ಮತ್ತೆ ಹಂಚಿಕೆ. ಆದರೆ ಆ ಹುಂಡಿಯಲ್ಲಿ ಪಾಲು ಬೇಕೆಂದರೆ ಎಲ್ಲಾದರೂ ಒಂದು ಪೂರ್ಣ ಕೋಟಾದ ಜೊತೆಗೆ ದೇಶಾದ್ಯಂತ 3 ಲಕ್ಷ ಮತ ಇರಬೇಕು.

1983ರಲ್ಲಿ ಸಾರ್ದಿಸ್ತರಿಗೆ ದ್ವೀಪದಲ್ಲಿ ಶೇ 9.5 ಬಿತ್ತು. ಒಂದು ಕೋಟಾ ತುಂಬಿತು, ಎರಡನೆಯದಕ್ಕೆ ಕೂದಲೆಳೆಯಷ್ಟು ಕಡಿಮೆ. ಒಟ್ಟು ಮತ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ; ಹುಂಡಿಯ ಬಾಗಿಲು ಮುಚ್ಚಿತ್ತು. ಹೆಚ್ಚು ಕಡಿಮೆ ಅರ್ಧ ಮತ ನೀರಿಗೆ ಹೋಯಿತು, ಸಿಕ್ಕಿದ್ದು ಒಂದೇ ಸೀಟು. 1987ರಲ್ಲಿ ಶೇ 12 ಬಂದಾಗ ಎರಡು ಸೀಟು. ದೊಡ್ಡ ಪಕ್ಷವಾಗಿದ್ದರೆ ಈ ಮಿಕ್ಕ ಮತವೆಲ್ಲ ಬೇರೆ ಕ್ಷೇತ್ರದ ಮಿಕ್ಕ ಮತದೊಡನೆ ಸೇರಿ ಸೀಟಾಗುತ್ತಿತ್ತು. ಒಂದೇ ದ್ವೀಪದಲ್ಲಿ ನಿಂತ ಪಕ್ಷಕ್ಕೆ ಸೇರಿಸಲು ಬೇರೆ ಕ್ಷೇತ್ರವೇ ಇಲ್ಲ.

ಯುರೋಪ್ ಸಂಸತ್ತಿನ ಗಂಟು ಇನ್ನೂ ಬಿಗಿ. ಅಲ್ಲಿ ಸಾರ್ಡೀನಿಯಾ ಮತ್ತು ಸಿಸಿಲಿ ಒಂದೇ ಕ್ಷೇತ್ರ. ಸಿಸಿಲಿಯ ಜನಸಂಖ್ಯೆ ಮೂರು ಪಟ್ಟು ಹೆಚ್ಚು, ಆಯ್ಕೆಯಾಗುವವರೂ ಹೆಚ್ಚಾಗಿ ಸಿಸಿಲಿಯವರೇ. 1984ರಲ್ಲಿ ಸಾರ್ದಿಸ್ತರು ಇದಕ್ಕೆ ಚೆಂದದ ದಾರಿ ಕಂಡುಕೊಂಡರು: ದೇಶದ ಇನ್ನೊಂದು ತುದಿಯ, ಆಲ್ಪ್ಸ್ ತಪ್ಪಲಿನ ಔಸ್ತಾ ಕಣಿವೆಯ ಫ್ರೆಂಚ್ ಮಾತಾಡುವವರ ‘ಯೂನಿಯೊನ್ ವಾಲ್ದೋತೇನ್’ ಪಕ್ಷದ ಜೊತೆ ದೇಶವ್ಯಾಪಿ ಒಂದೇ ಪಟ್ಟಿ. ಸಿಕ್ಕ ಮತ ದೇಶದಲ್ಲಿ ಶೇ 1ಕ್ಕೂ ಕಡಿಮೆ. ಆದರೆ ಆಗ ಯಾವುದೇ ಕನಿಷ್ಠ ಮಿತಿ ಇರಲಿಲ್ಲವಾಗಿ ಒಂದು ಸೀಟು ಬಂತು. ಬಾರ್ಬಾಜಿಯ ಸೀಮೆಯ ಒಲ್ಲೊಲಾಯಿಯಲ್ಲಿ ಮೇಯರ್ ಆಗಿದ್ದ ಮಿಕೇಲೆ ಕೊಲುಂಬು ಸ್ಟ್ರಾಸ್‌ಬರ್ಗಿಗೆ ಹೋದರು. 1989ರಲ್ಲಿ ಇಂಥದೇ ಪಟ್ಟಿಯಿಂದ ಮಾರಿಯೊ ಮೆಲಿಸ್ ಹೋದರು. 2009ರಲ್ಲಿ ಶೇ 4ರ ಮಿತಿ ಬಂದ ಮೇಲೆ ಆ ಬಾಗಿಲೂ ಮುಚ್ಚಿತು.

ಗಾಳಿ ಬೀಸಿದ ವರ್ಷಗಳು

ಅಷ್ಟಕ್ಕೂ 1974ರ ಒಂದು ಸೀಟು 1984ರಲ್ಲಿ ಹನ್ನೆರಡಾದದ್ದು ಹೇಗೆ? ಅಲ್ಲಿಯ ಜನ ಇದನ್ನು ‘ಸಾರ್ದಿಸ್ತ ಗಾಳಿ’ ಅನ್ನುತ್ತಾರೆ. ಗಾಳಿ ಎದ್ದ ದಿಕ್ಕುಗಳು ಕಾಣುತ್ತವೆ. ತೈಲ ಬಿಕ್ಕಟ್ಟಿನ ನಂತರ ಪೆಟ್ರೊಕೆಮಿಕಲ್ ಕನಸು ಕುಸಿದು ಕೆಲಸ ಹೋಯಿತು. 1972ರಿಂದ ಲಾ ಮದ್ದಲೇನಾದಲ್ಲಿ ಅಮೆರಿಕದ ಅಣು ಜಲಾಂತರ್ಗಾಮಿಗಳ ನೆಲೆ ಇತ್ತು. ದ್ವೀಪದ ಸಾವಿರಾರು ಹೆಕ್ಟೇರ್ ನೆಲ ಸೇನೆಯ ತರಬೇತಿಗೆ. ವಾಸ್ತುಶಿಲ್ಪಿ ಆಂತೋನಿ ಸಿಮೋನ್ ಮೊಸ್ಸಾ 1971ರಲ್ಲಿ ತೀರಿಕೊಳ್ಳುವ ಮುನ್ನ ಸಾರ್ಡರನ್ನು ‘ಹಿಂದುಳಿದ ಪ್ರದೇಶದವರು’ ಎನ್ನದೆ ‘ರಾಜ್ಯವಿಲ್ಲದ ಜನಾಂಗ’ ಎಂದು ನೋಡುವುದನ್ನು ಕಿರಿಯರಿಗೆ ಕಲಿಸಿ ಹೋಗಿದ್ದರು. ಹಣ ಕೇಳುತ್ತಿದ್ದ ಪಕ್ಷ ನುಡಿಯ ಮಾತಾಡತೊಡಗಿತು. 1981ರಲ್ಲಿ ಪೋರ್ತೊ ತೊರ್ರೆಸ್ ಅಧಿವೇಶನ ಸ್ವಾತಂತ್ರ್ಯವನ್ನೇ ಗುರಿಯಾಗಿ ನಿಯಮಾವಳಿಗೆ ಸೇರಿಸಿತು.

ಶೇ 13.8 ಮತದೊಂದಿಗೆ 1984ರಲ್ಲಿ ಮಾರಿಯೊ ಮೆಲಿಸ್ ಎಡಪಕ್ಷಗಳ ಜೊತೆ ಪ್ರದೇಶಾಧ್ಯಕ್ಷರಾದರು, 1989ರವರೆಗೆ ಇದ್ದರು. (1982ರಲ್ಲೂ ಕೆಲವು ತಿಂಗಳು ಆಗಿದ್ದರು.) ಸೇನಾ ನೆಲದ ಬಗ್ಗೆ ರೋಮಿನೊಡನೆ ಜಗಳ ಕಾದರು, ಮಾತಿನಲ್ಲಿ ಧಾಟಿ ಇತ್ತು. ಆದರೆ ನಿಯಮಾವಳಿಯಲ್ಲಿ ಸ್ವಾತಂತ್ರ್ಯ, ಕಚೇರಿಯಲ್ಲಿ ಬಜೆಟ್ಟು ಎಂಬ ಎರಡು ದೋಣಿಯ ಮೇಲಿನ ಕಾಲು ಕಷ್ಟದ್ದು. ಬಜೆಟ್ಟಿನ ಬಹುಪಾಲು ದ್ವೀಪದಲ್ಲಿ ಕಟ್ಟಿದ ತೆರಿಗೆಯಲ್ಲಿ ರೋಮ್ ಎಷ್ಟು ಹತ್ತನೇ ಭಾಗ ಬಿಟ್ಟುಕೊಡುತ್ತದೆ ಎಂಬುದರ ಮೇಲೆ ನಿಂತಿದೆ. ಆ ಪಾಲನ್ನು ಗಣನೀಯವಾಗಿ ಏರಿಸಿದ್ದು 2006ರ ಕೊನೆಯಲ್ಲಿ, ಆದಾಯ ತೆರಿಗೆಯಲ್ಲಿ ಹತ್ತರಲ್ಲಿ ಏಳು, ಮೌಲ್ಯವರ್ಧಿತ ತೆರಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಎಂದು. ಅದನ್ನು ತಂದದ್ದು ಸಾರ್ದಿಸ್ತರಲ್ಲ, ಎಡ-ಮಧ್ಯದ ರೆನಾತೊ ಸೊರು. ಬದಲಿಗೆ ಆರೋಗ್ಯದ ಖರ್ಚನ್ನು ಪ್ರದೇಶವೇ ಹೊರಬೇಕಾಯಿತು.

ನಾಲ್ಕು ತಲೆ

ಬಾವುಟವನ್ನು ಹತ್ತಿರದಿಂದ ನೋಡಿದರೆ ಇಡೀ ಪ್ರಕರಣ ಕಾಣುತ್ತದೆ. ಬಿಳಿಯ ಮೇಲೆ ಕೆಂಪು ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಕಪ್ಪು ಮೂರ್‌ಗಳ (ಉತ್ತರ ಆಫ್ರಿಕಾದ ಮುಸ್ಲಿಮರ) ತಲೆ. ಮೂಲ ಸ್ಪೇನಿನ ಅರಗಾನ್ ರಾಜರ ಮುದ್ರೆ. ಯುದ್ಧದಿಂದ ಬಂದವರು ಇದನ್ನು ಎತ್ತಿ ಪಕ್ಷದ ಗುರುತು ಮಾಡಿಕೊಂಡರು. 1952ರಲ್ಲಿ ಇದೇ ಲಾಂಛನ ಪ್ರದೇಶದ ಅಧಿಕೃತ ಧ್ವಜಪಟಕ್ಕೆ ಬಂತು. ಬಳಕೆಯಲ್ಲಿದ್ದ ಚಿತ್ರದಲ್ಲಿ ಪಟ್ಟಿ ಕಣ್ಣಿನ ಮೇಲೆ ಇಳಿದಿತ್ತು, ತಲೆಗಳು ಧ್ವಜಸ್ತಂಭದ ಕಡೆ ನೋಡುತ್ತಿದ್ದವು. 1999ರ ಪ್ರಾದೇಶಿಕ ಕಾನೂನು ಪಟ್ಟಿಯನ್ನು ಹಣೆಗೆ ಏರಿಸಿತು, ಮುಖವನ್ನು ಸ್ತಂಭದಿಂದ ಆಚೆಗೆ ತಿರುಗಿಸಿತು. ಈಗ ಅದು ಕಲ್ಯಾರಿ ಫುಟ್‌ಬಾಲ್ ಪಂದ್ಯದಲ್ಲೂ ಹಾರುತ್ತದೆ, ಎಲ್ಲ ಪಕ್ಷದ ವೇದಿಕೆಯಲ್ಲೂ ಹಾರುತ್ತದೆ. 1794ರಲ್ಲಿ ಆಗ ದ್ವೀಪವನ್ನು ಆಳುತ್ತಿದ್ದ ಪಿಯೆಮೊಂತೆ ಅಧಿಕಾರಿಗಳನ್ನು ಓಡಿಸಿದ ನೆನಪಿಗೆ ಏಪ್ರಿಲ್ 28 ‘ಸಾರ್ಡೀನಿಯಾ ದಿನ’ವಾದದ್ದು 1993ರಲ್ಲಿ, ನುಡಿಯ ಕಾನೂನು 1997ರಲ್ಲಿ. ಕಮ್ಯುನಿಸ್ಟ್ ಮೂಲದವರಿಂದ ಕ್ರಿಶ್ಚಿಯನ್ ಡೆಮಾಕ್ರಟ್ ಮೂಲದವರವರೆಗೆ ಎಲ್ಲರೂ ಅರ್ಧ ಸಾರ್ದಿಸ್ತರಾದರು. ಅಸಲಿ ಅಂಗಡಿಗೆ ಗಿರಾಕಿ ಕಮ್ಮಿಯಾದರು. ಬರೀ ಸ್ವಾತಂತ್ರ್ಯ ಬೇಕೆನ್ನುವವರು ಹೊಸ ಚಿಕ್ಕ ಪಕ್ಷಗಳತ್ತ ಹೋದರು.

ಮತ್ತೆ ಎರವಲು ಹೆಗಲು

2009ರಲ್ಲಿ ಪಕ್ಷ ಬಲಪಂಥದ ಉಗೊ ಕಪ್ಪೆಲ್ಲಾಚ್ಚಿ ಜೊತೆ ನಿಂತಿತು. ಲುಸ್ಸು ಪರಂಪರೆಗೆ ಇದು ದ್ರೋಹ ಎಂದ ಗುಂಪು ಹೊರಬಂದು ‘ರೊಸ್ಸೊಮೋರಿ’ ಕಟ್ಟಿತು: ಕೆಂಪು ಮೂರ್‌ಗಳು. 1923, 1948ರ ಹಾಗೇ ಮತ್ತೊಂದು ಹೋಳು.

2013ರ ಪ್ರಾದೇಶಿಕ ಚುನಾವಣಾ ಕಾನೂನು ಒಂಟಿ ಪಟ್ಟಿಗೆ ಶೇ 5, ಕೂಟಕ್ಕೆ ಶೇ 10 ಮಿತಿ ಇಟ್ಟಿತು. ಮರುವರ್ಷ ಎರಡು ದೊಡ್ಡ ಕೂಟಗಳ ಹೊರಗೆ ತಮ್ಮದೇ ಕೂಟ ಕಟ್ಟಿ ಸ್ಪರ್ಧಿಸಿದ ಲೇಖಕಿ ಮಿಕೇಲಾ ಮುರ್ಜಾ ಅಧ್ಯಕ್ಷ ಸ್ಥಾನಕ್ಕೆ ಶೇ 10.3 ಪಡೆದರೂ ಅವರ ಪಟ್ಟಿಗಳು ಮಿತಿ ಮುಟ್ಟದೆ ಒಂದೂ ಸೀಟು ಬರಲಿಲ್ಲ. ದೊಡ್ಡವರ ಹೆಗಲಿಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಸಾರ್ದಿಸ್ತರು ಪಕ್ಕದಲ್ಲೇ ನಿಂತು ನೋಡಿದರು. ರಾಷ್ಟ್ರಮಟ್ಟದಲ್ಲಿ 2017ರ ಕಾನೂನು ಶೇ 3ರ ಮಿತಿ ತಂದಿತು. ಭಾಷಾ ಅಲ್ಪಸಂಖ್ಯಾತರ ಪಕ್ಷಕ್ಕೆ ರಿಯಾಯಿತಿ ಇದೆ, ಆದರೆ ಅದಕ್ಕೆ ಪ್ರದೇಶದಲ್ಲಿ ಶೇ 20 ಬೇಕು. ಜರ್ಮನ್ ಮಾತಾಡುವ ದಕ್ಷಿಣ ಟಿರೋಲಿನ ಅಳತೆಗೆ ಹೊಲಿದ ಅಂಗಿ.

2015ರಿಂದ ಪಕ್ಷದ ಕಾರ್ಯದರ್ಶಿಯಾಗಿದ್ದ ಕ್ರಿಸ್ತಿಯನ್ ಸೊಲಿನಾಸ್ 2018ರಲ್ಲಿ ಮತ್ತೆಯೋ ಸಾಲ್ವಿನಿಯ ಲೇಗಾ ಪಟ್ಟಿಯಿಂದ ಸೆನೆಟಿಗೆ ಹೋದರು. ಉತ್ತರ ಇಟಲಿಯನ್ನು ಬೇರೆ ದೇಶ ಮಾಡಬೇಕೆಂದು ಹುಟ್ಟಿದ, ದಕ್ಷಿಣದವರನ್ನು ಹೀಯಾಳಿಸಿ ಬೆಳೆದ ಪಕ್ಷವದು. ಲೆಕ್ಕದ ಕಣ್ಣಿನಿಂದ ನೋಡಿದರೆ ತಪ್ಪಿಲ್ಲ: ಲೇಗಾಕ್ಕೆ ದ್ವೀಪದಲ್ಲಿ ಕಾಲಿಡಲು ಸ್ಥಳೀಯ ಮುಖ ಬೇಕಿತ್ತು, ಸಾರ್ದಿಸ್ತರಿಗೆ ಗೆಲ್ಲುವ ಸೀಟು. ಗಾಂದೊಲ್ಫೊ ಅಂದು ತಂದ ಪ್ರಸ್ತಾಪದ ನಕಲು ಎಂದು ಟೀಕಾಕಾರರು ಚುಚ್ಚಿದರು. ಹೋಲಿಕೆ ಪೂರ್ತಿ ನ್ಯಾಯವಲ್ಲ, ಈ ಸಲ ಪಕ್ಷ ತನ್ನ ಹೆಸರು ಬಿಡಲಿಲ್ಲ.

2019ರ ಫೆಬ್ರವರಿಯಲ್ಲಿ ಸೊಲಿನಾಸ್ ಶೇ 47.8 ಮತದಿಂದ ಅಧ್ಯಕ್ಷರಾದರು. ಲೇಗಾಕ್ಕೆ ಶೇ 11.4, ಸಾರ್ದಿಸ್ತರಿಗೆ ಶೇ 9.9. ಗೆದ್ದ ಕೂಟದ ಅಭ್ಯರ್ಥಿಗೆ ಶೇ 40 ದಾಟಿದರೆ 60ರಲ್ಲಿ 36 ಸೀಟು ಖಾತ್ರಿ ಎಂಬ ನಿಯಮ ಚಿಕ್ಕ ಜೊತೆಗಾರನಿಗೂ ಬೋನಸ್ ಕೊಟ್ಟಿತು.

2024ಕ್ಕೆ ದೇಶದ ಬಲಪಂಥದಲ್ಲಿ ಹಿರಿಯಣ್ಣ ಬದಲಾಗಿತ್ತು. ಜೋರ್ಜಾ ಮೆಲೋನಿಯ ಪಕ್ಷ ತನ್ನ ಪಾಲು ಕೇಳಿತು. ಅಧಿಕಾರದಲ್ಲಿದ್ದ ಸೊಲಿನಾಸ್ ಬದಲು ಕಲ್ಯಾರಿಯ ಮೇಯರ್ ಪಾವೊಲೊ ತ್ರುತ್ಸು ಅಭ್ಯರ್ಥಿಯಾದರು. ಸಾರ್ಡೀನಿಯಾದ ಮತಪತ್ರದಲ್ಲಿ ಒಂದು ಗುರುತು ಪಟ್ಟಿಗೆ, ಇನ್ನೊಂದು ಗುರುತು ಬೇರೆ ಕೂಟದ ಅಧ್ಯಕ್ಷ ಅಭ್ಯರ್ಥಿಗೆ ಹಾಕಬಹುದು. ಬಲಕೂಟದ ಪಟ್ಟಿಗಳಿಗೆಲ್ಲ ಸೇರಿ ಬಿದ್ದದ್ದು ತ್ರುತ್ಸುಗೆ ಬಿದ್ದದ್ದಕ್ಕಿಂತ ಹೆಚ್ಚು. ಎಡ-ಮಧ್ಯ ಕೂಟದ ಅಲೆಸ್ಸಾಂದ್ರಾ ತೊದ್ದೆ ಶೇ 45.4, ತ್ರುತ್ಸು ಶೇ 45.0. ಆ ವ್ಯತ್ಯಾಸಕ್ಕೆ ಬೇಸತ್ತ ಸಾರ್ದಿಸ್ತರೇ ಕಾರಣ ಎಂದು ರೋಮಿನಲ್ಲಿ ಕೆಲವರು ಗೊಣಗಿದರು. ಸಾರ್ದಿಸ್ತ ಪಟ್ಟಿಗೆ ಮೂರು ಸೀಟು ಬಂತು, ವಿರೋಧ ಪಕ್ಷದ ಸಾಲಿನಲ್ಲಿ.